ಟೀಚರಿಗೂ ಹೋಮ್‌ವರ್ಕ್

ಫ್ಲಶಿಂಗ್,
ಮಾರ್ಚ್ ೪, ೧೯೯೧

ಅಪ್ಪಾಜಿಗೆ ನಾಗವೇಣಿಯ ನಮಸ್ಕಾರಗಳು.

ಸ್ಕೂಲು ಬಿಟ್ಟ ನಿಮ್ಮ ಮಗಳು ಈಗ ಇಲ್ಲಿನ ಲೈಬ್ರರಿಯಲ್ಲಿ ಚೀನೀ ಹೆಂಗಸರಿಗೆ ಇಂಗ್ಲಿಷ್ ಕಲಿಸುತ್ತಿದ್ದಾಳೆ. ನಗುವುದಾದರೆ ನಕ್ಕುಬಿಡಿ.

ಅವರಲ್ಲೊಬ್ಬರು, ಹೊಲಿಗೆ ಫ್ಯಾಕ್ಟರಿಯಲ್ಲಿ ದುಡಿಯುವ ಮಿಸೆಸ್ ಲಿನ್, ದಿನವೂ "ಯೆಸ್ಟರ್‌ಡೇ ಐ ಗೋ" ಎನ್ನುತ್ತಿದ್ದರು; ನಾನು ರೇಗುತ್ತಿದ್ದೆ. ತಮ್ಮ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ಬದಲಾಗುವುದಿಲ್ಲ, 'ನಿನ್ನೆ' ಎಂದರೆ ಸಾಕು ಎಂದು ಒಮ್ಮೆ ಅವರೇ ಬಿಡಿಸಿ ಹೇಳಿದರು. ಅಂದಿನಿಂದ ಅವರಿಗೆ ಗೊತ್ತಿರುವ ಕಡೆಯಿಂದಲೇ ಪಾಠ ಶುರುಮಾಡುತ್ತೇನೆ. ಚೆನ್ನಾಗಿ ಕಲಿಯುತ್ತಿದ್ದಾರೆ. ಹೋಮ್‌ವರ್ಕನ್ನು ಎರಡೂ ಕೈಯಲ್ಲಿ ಹಿಡಿದು ಕೊಡುತ್ತಾರೆ. ಟೀಚರಿಗೆ ಹಾಗೇ ಕೊಡಬೇಕಂತೆ.

ಲೈಬ್ರರಿಯವರು ಕೆಲಸ ಕಾಯಂ ಮಾಡಲು ಫಾರಂ ಕೊಟ್ಟರು. ಹೈಸ್ಕೂಲು ಮುಗಿಸಿಲ್ಲ ಎಂದು ನಿಜವನ್ನೇ ಬರೆದೆ. ಜೂನ್ ಒಳಗೆ ಅದಕ್ಕೆ ಸಮನಾದ ಪರೀಕ್ಷೆ ಪಾಸಾಗದಿದ್ದರೆ ತರಗತಿ ಬೇರೆಯವರಿಗೆ ಹೋಗುತ್ತದೆ ಎಂದರು. ಮಿಸೆಸ್ ಲಿನ್‌ಗೆ ಇದನ್ನು ಹೇಳಿದರೆ ಚಪ್ಪಾಳೆ ತಟ್ಟಿ, "ಟೀಚರ್ ಆಲ್ಸೋ ಡೂ ಹೋಮ್‌ವರ್ಕ್! ವೆರಿ ಗುಡ್!" ಎಂದು ನಕ್ಕರು.

ನನಗಿರುವ ಭಯ ಗಣಿತದ್ದು. ಬೇಜಾರಾಗಿ ಸ್ಕೂಲು ಬಿಟ್ಟೆ ಎಂದಿದ್ದೆನಲ್ಲ, ಅದೊಂದು ಸುಳ್ಳು. ಭಿನ್ನರಾಶಿಯಿಂದ ಮುಂದೆ ನನಗೆ ಏನೂ ಅರ್ಥವಾಗಿರಲಿಲ್ಲ, ಹೇಳಲು ನಾಚಿಕೆಯಾಗಿತ್ತು. ಭಾನುವಾರ ಮಾನ್ಮತ್ ಜಂಕ್ಷನ್‌ಗೆ, ನಿಮ್ಮ ಮನೆಗೇ ಬರುತ್ತೇನೆ. ದಯವಿಟ್ಟು ಭಿನ್ನರಾಶಿಯಿಂದ ಹೇಳಿಕೊಡಿ.

ನಿಮ್ಮ
ನಾಗು