ಮದುವೆಯಿಲ್ಲದ ಬೀಗರ ಊಟ

ಬೆಳ್ಳೂರು ಕ್ರಾಸ್
ಜೂನ್ ೨, ಶುಕ್ರವಾರ

ಅಕ್ಕಯ್ಯನಿಗೆ ತಮ್ಮ ತಿಮ್ಮರಾಜು ಮಾಡುವ ನಮಸ್ಕಾರ.

ಮೊದಲು ಖರ್ಚು ಒಪ್ಪಿಸಿಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಈ ಸಲದ ವಿಧಾನಸಭಾ ಚುನಾವಣೆಯಲ್ಲಿ ನನ್ನ ಕೈಬಿಟ್ಟು ಹೋದದ್ದು ಇಷ್ಟು: ಹನ್ನೊಂದು ಟಗರು, ಎರಡು ಮೂಟೆ ಅಕ್ಕಿ, ರಾಗಿಹಿಟ್ಟು ಎಷ್ಟೋ, ಪೊಲೀಸ್ ಠಾಣೆಯ ಹಿಂದೆ ಮಳೆಯಲ್ಲಿ ನೆನೆಯುತ್ತಿರುವ ನನ್ನ ನಾಲ್ಕು ದೊಡ್ಡ ಕೊಪ್ಪರಿಗೆ, ಪಕ್ಷದವರ ನಮಸ್ಕಾರ, ಮತ್ತು ನಿನ್ನ ಫೋನು. ಟಗರಿನ ದುಡ್ಡನ್ನು ಇವತ್ತಲ್ಲ ನಾಳೆ ದುಡಿದುಕೊಳ್ಳಬಹುದು. ನಿನ್ನ ಫೋನು ಹಾಗಲ್ಲ. ಮೂರು ವಾರದಿಂದ ಮಾಡುತ್ತಲೇ ಇದ್ದೇನೆ, ನೀನು ಎತ್ತುತ್ತಿಲ್ಲ. ಕಾಗದವನ್ನಾದರೂ ಮೊದಲೇ ಬರೆಯಬೇಕಿತ್ತು. ಬಾಡಿಗೆ ಸೈಕಲ್ಲಿಗೆ ಮೈಕು ಕಟ್ಟಿಕೊಂಡು ಬದುಕು ಶುರುಮಾಡಿದವನು ನಾನು. ಬಾಯಿ ಆಡುವಷ್ಟು ಸಲೀಸಾಗಿ ಪೆನ್ನು ಆಡುವುದಿಲ್ಲ. ತಡವಾದದ್ದಕ್ಕೆ ಬೈಯಬೇಕೆನಿಸಿದರೆ ಬೈದುಕೊ, ಆದರೆ ಪೂರ್ತಿ ಓದು.

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮಂಡಿನೋವು ಹೇಗಿದೆ? ಬಾವನವರ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ನಮ್ಮ ಶಾಮಿಯಾನ ಅಂಗಡಿಯನ್ನು ಈಗ ಪೂರ್ತಿ ರಂಜಿತಳೇ ನೋಡಿಕೊಳ್ಳುತ್ತಿದ್ದಾಳೆ. ನಾನು ಗಿರಾಕಿಗಳೊಡನೆ ಮಾತಾಡುವುದಕ್ಕೆ ಮಾತ್ರ.

ರಂಜಿತ ಎಂದೆ. ವಿಷಯವೂ ಅದೇ. ಆಷಾಢ ಕಳೆದ ಮೇಲೆ ನಿನ್ನ ಲೋಕೇಶನಿಗೂ ನನ್ನ ರಂಜಿತಳಿಗೂ ಮದುವೆ ಎಂದು ನಾವಿಬ್ಬರೇ ಕೂತು ಮಾತಾಡಿದ್ದೆವು. ಹೋದ ತಿಂಗಳು ನೀನು ಬೇರೆಯವರ ಬಾಯಲ್ಲಿ 'ಈ ಸಂಬಂಧ ಬೇಡ' ಎಂದು ಹೇಳಿಕಳಿಸಿದೆ. ಕಾರಣ ಆ ವಿಡಿಯೋ. ಅದರಲ್ಲಿ ನನ್ನ ಮಗಳು ಹಾರ ಹಾಕಿಕೊಂಡು ಯಾವನೋ ಹುಡುಗನ ಪಕ್ಕ ಮದುಮಗಳಂತೆ ಕೂತಿದ್ದಾಳೆ. ಮಾತು ಕೇಳಿಸದ ಹಾಗೆ ಮೇಲೊಂದು ಹಾಡು ಹಾಕಿ ಯಾರೋ ಊರೂರಿಗೆ ಹಂಚಿದ್ದಾರೆ. ಆ ಹಾಡಿನ ಕೆಳಗೆ ಅವಳು ಏನು ಹೇಳಿದಳೆಂದು ನಿನಗೆ ತಿಳಿಯಲಿ ಎಂದೇ ಇಷ್ಟೆಲ್ಲ ಬರೆಯುತ್ತಿರುವುದು.

ನಮ್ಮ ಕಡೆ ಪಕ್ಷ ಎಂದರೆ ಒಂದೇ ಎಂಬುದು ನಿನಗೇನು ಹೊಸದಲ್ಲ. ರಾಜ್ಯದಲ್ಲೂ ಅದೇ, ತಾಲ್ಲೂಕಿನಲ್ಲೂ ಅದೇ, ಹಾಲಿನ ಡೈರಿಯ ಬೋರ್ಡಿನಲ್ಲೂ ಅದೇ. ಅವರ ಅಚ್ಚುಕಟ್ಟನ್ನು ನಾನು ಮೆಚ್ಚಿಕೊಂಡೇ ಹೇಳುತ್ತೇನೆ. ಯಾವ ಮನೆಯಲ್ಲಿ ಯಾರಿಗೆ ಕಣ್ಣಿನ ಆಪರೇಷನ್ ಆಗಿದೆ, ಯಾರ ಎಮ್ಮೆ ಈದಿದೆ ಎಂಬುದು ಮನೆಯವರಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಈ ಸಲ ಅವರ ಅಭ್ಯರ್ಥಿ ರಘುನಂದನ್. ಎದುರಿಗೆ ನಿಂತದ್ದು ಪುಟ್ಟಲಕ್ಷ್ಮಮ್ಮ, ಬಿಂಡಿಗನವಿಲೆ ಕಡೆಯ ಹೆಂಗಸು, ಪಕ್ಷೇತರ. ಹಾಲಿನ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವಳು. ಲಗೇಜ್ ಆಟೋದ ಹಿಂದೆ ನಿಂತು, "ನನ್ ಕೈಲಿ ಬಾಡು ಹಾಕ್ಸಕ್ಕಾಗಕಿಲ್ಲ ಕಣ್ರಪ್ಪ. ಇವತ್ತಿನಗಂಟ ಯಾರ್ ಹಾಲ್ಗೂ ತಪ್ಪು ಅಳ್ತೆ ಹಾಕಿಲ್ಲ. ಓಟು ನಿಮ್ದು, ನೋಡ್ಕಳಿ" ಎಂದಷ್ಟೇ ಹೇಳಿ ಮುಂದಿನ ಊರಿಗೆ ಹೋಗುತ್ತಿದ್ದಳು. ಅಷ್ಟು ಚಿಕ್ಕ ಭಾಷಣಕ್ಕೆ ಮೈಕು ಬಾಡಿಗೆಗೆ ಕೊಡುವುದೇ ನಷ್ಟ ಎಂದು ನಾನು ನಕ್ಕಿದ್ದೆ.

ಪಕ್ಷದವರು ನಗಲಿಲ್ಲ. ಆ ಭಾಗದ ಹೆಂಗಸರು ಅವಳ ಕಡೆ ವಾಲುತ್ತಿದ್ದಾರೆಂದು ಅವರಿಗೆ ವಾಸನೆ ಹೊಡೆದಿತ್ತು. ಒಂದು ಬೆಳಗ್ಗೆ ಅವರ ಹೋಬಳಿ ಮುಖಂಡ ನಾಗಾರ್ಜುನ ಅಂಗಡಿಗೆ ಬಂದ.

"ತಿಮ್ಮರಾಜಣ್ಣ, ಬಿಂಡಿಗನವಿಲೆ ಕಡೆ ತೋಪಲ್ಲಿ ಒಂದ್ ಊಟ ಆಗ್ಬೇಕು. ಆದ್ರೆ ಅದು ಪಕ್ಷದ್ ಊಟ ಆಗ್ಬಾರ್ದು."

"ಮತ್ತಿನ್ನೇನಾಗ್ಬೇಕಪ್ಪ?"

"ಬೀಗರೂಟ ಕಣಣ್ಣ. ಎಲೆಕ್ಷನ್ನೋರು ಬಂದ್ರೂ ಕೈಮುಗ್ದು ಉಂಡ್ಕಂಡು ಓಯ್ತಾರೆ."

"ಮದ್ವೆ ಯಾರ್ದು?"

"ಬ್ಯಾನರ್ ಒಂದಿದ್ರೆ ಸಾಲ್ದಾ? ಮದ್ವೆ ಯಾಕೆ?"

ಒಪ್ಪಿಕೊಂಡೆ ಅಕ್ಕ. ಯೋಚನೆ ಮಾಡಿದವನ ತಲೆಗೆ ಬಹುಮಾನ ಕೊಡಬೇಕೆನಿಸಿತು. ಮದುವೆಯಾದ ಮನೆಯವರು ಬೀಗರಿಗೆ ಬಾಡೂಟ ಹಾಕಿದರೆ ಎಷ್ಟು ಜನ, ಯಾವ ಊರಿನವರು ಎಂದು ಯಾರೂ ಕೇಳುವುದಿಲ್ಲ. ನನ್ನ ಗೋಡೌನಿನಲ್ಲಿ 'ಕುಮಾರ್ – ದಿವ್ಯ' ಎಂಬ ಹಳೆಯ ಮದುವೆ ಬ್ಯಾನರೊಂದು ಬಿದ್ದಿತ್ತು. ಆ ದಂಪತಿಯ ಮಗು ಈಗ ಶಾಲೆಗೆ ಹೋಗುತ್ತದೆ. ಅದನ್ನೇ ಒರೆಸಿ ಮಾವಿನ ಮರಕ್ಕೆ ಕಟ್ಟಿಸಿದೆ. ಬಡಿಸುವವರ ಮೇಲ್ವಿಚಾರಣೆಗೆ ರಂಜಿತ ಬಂದಳು. ಬರುವಾಗಲೇ, "ಅಪ್ಪ, ಇದು ನಂಗೆ ಸರಿಕಾಣ್ತಿಲ್ಲ" ಎಂದಿದ್ದಳು. ನಾನು "ನಮ್ದು ಬರೀ ಅಡ್ಗೆ ಕಣವ್ವ" ಎಂದೆ.

ಮೊದಲ ಪಂಕ್ತಿ ಎದ್ದು ಎರಡನೆಯದು ಕೂತಿತ್ತು. ಮುದ್ದೆ ಮುರಿಯುವ ಹೊತ್ತಿಗೆ ಚುನಾವಣಾ ಸ್ಕ್ವಾಡಿನ ಜೀಪು ತೋಪಿಗೆ ನುಗ್ಗಿತು. ಒಬ್ಬರು ಮೇಡಂ, ಇಬ್ಬರು ಪೊಲೀಸರು, ಒಬ್ಬ ಕ್ಯಾಮೆರಾದವನು. ನಾನು ಮುಂದೆ ಹೋಗಿ ಹಲ್ಲು ಕಿಸಿದೆ. "ಬನ್ನಿ ಮೇಡಂ, ಬೀಗರ ಊಟ, ಕೈ ತೊಳ್ಕಳಿ."

"ಸಂತೋಷ. ಮದುಮಕ್ಕಳೆಲ್ಲಿ? ಹರಸಿ ಹೋಗ್ತೀನಿ."

ಈ ಪ್ರಶ್ನೆಗೆ ನಾವ್ಯಾರೂ ತಯಾರಿ ಮಾಡಿಕೊಂಡಿರಲಿಲ್ಲ ನೋಡು. ಹನ್ನೊಂದು ಟಗರಿಗೆ ಮಸಾಲೆ ಅರೆಸಿದವರು ಒಂದು ಗಂಡನ್ನು, ಒಂದು ಹೆಣ್ಣನ್ನು ಗೊತ್ತುಮಾಡಿಕೊಳ್ಳಲು ಮರೆತಿದ್ದೆವು. ನಾಗಾರ್ಜುನ ಪಂಕ್ತಿಯಲ್ಲಿ ಮೂಳೆ ಚೀಪುತ್ತಿದ್ದ ಸಂತೋಷ್ ಎಂಬ ಪಕ್ಷದ ಹುಡುಗನನ್ನು ರಟ್ಟೆ ಹಿಡಿದು ಎಬ್ಬಿಸಿದ.

"ಕೈ ತೊಳ್ಕಳ್ಲಾ, ಮದ್ವೆಗಂಡು ನೀನು."

"ಅಣ್ಣ, ನಮ್ಮವ್ವಂಗೆ ಗೊತ್ತಾದ್ರೆ—"

"ನಿಮ್ಮವ್ವಂಗೆ ಆಮೇಲೆ ಏಳನ. ಮೊದ್ಲು ಕೂತ್ಕಳ್ಲಾ!"

ಹೆಣ್ಣು? ನಾನು ರಂಜಿತಳ ಕಡೆ ತಿರುಗಿದೆ. ನಾನೇ ಅಕ್ಕ, ಬೇರೆ ಯಾರೂ ಅಲ್ಲ. "ಎರಡ್ ನಿಮಿಷ ಕೂತ್ಕಳವ್ವ, ಮರ್ಯಾದೆ ಉಳೀಲಿ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಹೋಗಿ ಕೂತಳು. ರಘುನಂದನ್‌ಗೆ ಎಂದು ತರಿಸಿಟ್ಟಿದ್ದ ಹಾರಗಳನ್ನು ಇಬ್ಬರ ಕೊರಳಿಗೂ ಹಾಕಿದರು. ನೀನು ನೋಡಿದ್ದು ಇಷ್ಟನ್ನು.

ನೀನು ನೋಡದಿರುವುದು ಮುಂದಿನದು. ಮೇಡಂ ಅವಳೆದುರು ನಿಂತು, "ನಿಮ್ಮ ಯಜಮಾನರ ಹೆಸರೇನಮ್ಮ?" ಎಂದರು.

ನಾಗಾರ್ಜುನ ಅಡ್ಡ ಬಂದ. "ನಮ್ ಕಡೆ ಎಣ್ಮಕ್ಳು ಗಂಡನೆಸ್ರು ಏಳಾಕಿಲ್ಲ ಮೇಡಂ, ನಾಚ್ಕೆ."

"ನಾನೂ ಈ ಜಿಲ್ಲೆಯವಳೇ ಕಣ್ರೀ. ಹೊಸ ಸೊಸೆಯನ್ನ ಹೊಸಿಲಲ್ಲಿ ನಿಲ್ಲಿಸಿ, ಗಂಡನ ಹೆಸರು ಹೇಳಿಸಿಯೇ ಒಳಕ್ಕೆ ಬಿಡ್ತಾರೆ. ಹೇಳಮ್ಮ."

ಪಂಕ್ತಿಯಲ್ಲಿದ್ದ ಹೆಂಗಸರಿಗೆ ಇದು ನಿಜವಾದ ಮದುವೆಯಲ್ಲ ಎಂಬುದೇ ಮರೆತುಹೋಯಿತು. "ಏಳವ್ವ, ಏಳ್ಬುಡು!" ಎಂದು ಎಂಜಲು ಕೈಯಲ್ಲೇ ಕೂಗತೊಡಗಿದರು. ನಾನು ಬ್ಯಾನರಿನ ಕಡೆ ಕಣ್ಸನ್ನೆ ಮಾಡಿದೆ. ಅಷ್ಟು ದಪ್ಪ ಅಕ್ಷರದಲ್ಲಿ 'ಕುಮಾರ್' ಎಂದು ಬರೆದಿದೆ, ನೋಡಿಕೊಂಡು ಓದಿದ್ದರೆ ಸಾಕಿತ್ತು.

ರಂಜಿತ ತಲೆಯೆತ್ತಿ ಹೇಳಿದಳು: "ಲೋಕೇಶ."

ಮೇಡಂ ಬ್ಯಾನರು ನೋಡಿದರು, ಸಂತೋಷನನ್ನು ನೋಡಿದರು. "ಯಾವ ಲೋಕೇಶ?"

"ಪಾಂಡವಪುರದ ಲೋಕೇಶ, ನಮ್ಮತ್ತೆ ಮಗ. ಆಷಾಢ ಕಳೆದ ಮೇಲೆ ಮದುವೆ. ಇದು ಬೀಗರ ಊಟ ಅಲ್ಲ ಮೇಡಂ." ಹಾರ ತೆಗೆದು ಸಂತೋಷನ ಕೈಗೆ ಕೊಟ್ಟಳು. ಪಾಪ, ಅವನು ಎದ್ದು ನಿಂತು ಇಸಿದುಕೊಂಡ.

ಮೇಡಂ ಎಲ್ಲವನ್ನೂ ಅವಳು ಹೇಳಿದ ಹಾಗೆಯೇ, ಹೆಸರು ಸಮೇತ ಬರೆದುಕೊಂಡರು. ಕೊಪ್ಪರಿಗೆಗಳು ಪೊಲೀಸ್ ವ್ಯಾನು ಹತ್ತಿದವು. ನಾಗಾರ್ಜುನ ನನ್ನ ಕಿವಿಯ ಹತ್ತಿರ ಬಂದು, "ಚೆನ್ನಾಗಿ ಬೆಳ್ಸಿದ್ದೀಯ ಕಣಣ್ಣ ಮಗ್ಳನ್ನ" ಎಂದ. ಅವನು ಬೈದದ್ದು. ನನಗೆ ಅದು ಹಾಗೆ ಕೇಳಿಸಲೇ ಇಲ್ಲ.

ಮನೆಗೆ ಬಂದ ಮೇಲೆ, "ಎಲ್ಲಾ ಓಯ್ತಲ್ಲವ್ವ" ಎಂದೆ. "ಏನೂ ಹೋಗಿಲ್ಲ ಅಪ್ಪ, ಕೊಪ್ಪರಿಗೆ ಠಾಣೇಲವೆ" ಎಂದಳು. ಆಮೇಲೆ ಮೆಲ್ಲಗೆ, "ಗಂಡ ಅಂತ ಕೇಳಿದ್ಮೇಲೆ ಬೇರೆಯವರ ಹೆಸರು ಬಾಯಿಗೆ ಬರ್ಲಿಲ್ಲ" ಎಂದಳು. ಮೂವತ್ತು ವರ್ಷ ಎಲ್ಲರ ವೇದಿಕೆಗೂ ಮೈಕು ಕಟ್ಟಿದ್ದೇನೆ ಅಕ್ಕ. ಆ ಮೈಕುಗಳಲ್ಲಿ ಇಷ್ಟು ನೇರವಾದ ಮಾತು ಕೇಳಿದ ನೆನಪಿಲ್ಲ.

ಪಕ್ಷದವರು ಆವತ್ತಿನ ದುಡ್ಡನ್ನೂ ಕೊಡಲಿಲ್ಲ, ಮುಂದಿನ ಸಭೆಗಳನ್ನೂ ಕೊಡಲಿಲ್ಲ. ಖಾಲಿ ಬಿದ್ದಿದ್ದ ಮೈಕನ್ನು ಪ್ರಚಾರದ ಕೊನೆಯ ದಿನ ಪುಟ್ಟಲಕ್ಷ್ಮಮ್ಮನಿಗೆ ಪುಕ್ಕಟೆ ಕೊಡಲು ಹೋದೆ. "ಬಾಡ್ಗೆ ಎಷ್ಟು ಅಂತ ಏಳಿ, ಇಲ್ದಿದ್ರೆ ನಿಮ್ ಮೈಕ್ ನೀವೇ ಮಡೀಕಳಿ" ಎಂದಳು. ತಗೊಂಡೆ. ಅಂಥವಳ ಹತ್ತಿರ ದುಡ್ಡು ತಗೊಳ್ಳುವುದೇ ಮರ್ಯಾದೆ. ಎಣಿಕೆಯಲ್ಲಿ ರಘುನಂದನ್ ಗೆದ್ದ. ಆದರೆ ಆ ತೋಪಿನ ಸುತ್ತಮುತ್ತಲಿನ ಊರುಗಳಲ್ಲಿ ಪುಟ್ಟಲಕ್ಷ್ಮಮ್ಮನೇ ಮುಂದೆ. ನಮ್ಮ ಟಗರು ಉಂಡವರೇ ಅವಳಿಗೆ ಹಾಕಿದ್ದಾರೆ!

ಈಗ ನೀನು ಹೇಳು. ಅಷ್ಟು ಜನರ ಮುಂದೆ ನಿನ್ನ ಮಗನ ಹೆಸರು ಹೇಳಿದ ಹುಡುಗಿ ಅವನಿಗೆ ಮೋಸ ಮಾಡಿದಳೇ? ತಪ್ಪಿದ್ದರೆ ಕೂರಿಸಿದವನದು. ನನ್ನನ್ನು ಎಷ್ಟು ಬೇಕಾದರೂ ಬೈ, ಮದುವೆ ಮಾತ್ರ ಮುರಿಯಬೇಡ. ಬರುವ ಭಾನುವಾರ ಲೋಕೇಶನನ್ನು ಕರೆದುಕೊಂಡು ಬಾ. ನಿನ್ನ ಕೈಯಿಂದ ಮಗಳ ತಲೆ ನೇವರಿಸಿಬಿಡು, ಮಿಕ್ಕದ್ದು ತಾನಾಗಿ ಸರಿಹೋಗುತ್ತದೆ. ಬಾವನವರಿಗೆ ನನ್ನ ನಮಸ್ಕಾರ ಹೇಳು. ನಮ್ಮೆಲ್ಲರ ಮೇಲೂ ನಿನ್ನ ಹರಕೆಯಿರಲಿ.

ನಿನ್ನ ತಮ್ಮ,
ತಿಮ್ಮರಾಜು

ಮರೆತ ಮಾತಲ್ಲ, ಈಗಷ್ಟೇ ತಿಳಿದ ಮಾತು:

ಇಷ್ಟು ಬರೆದು ರಂಜಿತಳಿಗೆ ಓದಲು ಕೊಟ್ಟೆ. ಓದಿ ಮಡಚಿಟ್ಟು, "ಅಪ್ಪ, ಲೋಕೇಶಂಗೆ ಇದೆಲ್ಲ ಅವತ್ತೇ ಗೊತ್ತು" ಎಂದಳು. ತೋಪಿನಿಂದ ಬಂದ ಸಂಜೆಯೇ, ವಿಡಿಯೋ ಯಾರಿಗೂ ತಲುಪುವ ಮೊದಲೇ, ಅವನಿಗೆ ಫೋನು ಮಾಡಿ ಎಲ್ಲ ಹೇಳಿದ್ದಳಂತೆ. ಅವನು ಅಂದದ್ದು ಇದು: "ನನ್ನೆಸ್ರು ಯಾಕೆ ಹೇಳ್ದೆ? ರಿಪೋರ್ಟಲ್ಲಿ ಬಂದ್ರೆ ಪಕ್ಷದೋರು ನನ್ನ ಹತ್ರಕ್ಕೆ ಸೇರುಸ್ತಾರಾ? ಬ್ಯಾನರಲ್ಲಿದ್ದಂಗೆ ಕುಮಾರ್ ಅಂತ ಅಂದ್ಬುಟ್ಟಿದ್ರೆ ಮುಗ್ದೋಗ್ತಿತ್ತಲ್ಲ."

ವಿಡಿಯೋ ಅವನಿಗೆ ನಿನ್ನ ಮುಂದೆ ಹಿಡಿಯಲು ಸಿಕ್ಕ ನೆಪ ಅಷ್ಟೆ. ಇಷ್ಟು ದಿನ ಈ ಹುಡುಗಿ ಇದನ್ನು ಒಬ್ಬಳೇ ನುಂಗಿಕೊಂಡು ಅಂಗಡಿ ನಡೆಸಿದ್ದಾಳೆ. ನನಗೆ ಹೇಳಿದರೆ ನಾನು ಪಾಂಡವಪುರಕ್ಕೆ ಬಂದು ಜಗಳವಾಡಿ ನಿನಗೆ ತವರಿನ ದಾರಿಯನ್ನೇ ಮುಚ್ಚಿಬಿಡುತ್ತೇನೆಂದು ಸುಮ್ಮನಿದ್ದಳಂತೆ. ಕಾಗದ ಹರಿದುಹಾಕಲು ಹೋದೆ, ಬಿಡಲಿಲ್ಲ. "ಕಳಿಸು. ಅತ್ತೆಗೆ ನಡೆದದ್ದು ಗೊತ್ತಾಗ್ಲಿ. ಆದ್ರೆ ಮದುವೆ ಕೇಳ್ಬೇಡ. ಈಗ ಬೇಡ ಅಂತಿರೋದು ಅವರಲ್ಲ, ನಾನು" ಎಂದಳು. ಆದ್ದರಿಂದ ಮೇಲೆ ಬೇಡಿಕೊಂಡದ್ದನ್ನು ವಾಪಸು ತಗೊಂಡಿದ್ದೇನೆ. ಭಾನುವಾರ ನೀನೊಬ್ಬಳೇ ಬಾ.

ಯಾರಿಗೆ ಏನು ಸಿಕ್ಕಿತೆಂದು ಬರೆದು ಮುಗಿಸುತ್ತೇನೆ. ರಘುನಂದನ್‌ಗೆ ಸೀಟು. ನಾಗಾರ್ಜುನನಿಗೆ ಪಕ್ಷದ ಕಚೇರಿಯಲ್ಲಿ ಒಂದು ಕುರ್ಚಿ. ಪುಟ್ಟಲಕ್ಷ್ಮಮ್ಮನಿಗೆ ಆ ಹೆಂಗಸರ ಓಟು. ಸಂತೋಷನಿಗೆ 'ಮದ್ವೆಗಂಡು' ಎಂಬ ಅಡ್ಡಹೆಸರು. ಲೋಕೇಶನಿಗೆ ಅದೇ ಪಕ್ಷದ ಯುವ ಘಟಕದ ಕಾರ್ಯದರ್ಶಿ ಹುದ್ದೆ. ಫ್ಲೆಕ್ಸು ನಾನೂ ನೋಡಿದೆ. ರಂಜಿತಳಿಗೆ, ಯಾರನ್ನು ಕಟ್ಟಿಕೊಳ್ಳಬಾರದೆಂಬುದು ತಾಳಿಗೆ ಮೊದಲೇ ತಿಳಿಯಿತು. ನಿನಗೆ ಸಿಗಬೇಕಾಗಿದ್ದ ಸೊಸೆ ಸಿಗಲಿಲ್ಲ.