ಪತಂಗದ ಮಾನ ಕಾಪಾಡಿದ ಅಧಿಕಾರಿಗೆ

ವಸ್ತುಸಂಗ್ರಹಾಲಯದ ಮಾನ್ಯ ಆಡಳಿತಾಧಿಕಾರಿಗಳೇ,

ಸತ್ತು ಎಷ್ಟೋ ದಶಕ ಕಳೆದ ಪತಂಗದ ಮಾನ ಕಾಪಾಡಿದ್ದಕ್ಕೆ ಮೊದಲು ನಿಮ್ಮನ್ನು ಅಭಿನಂದಿಸಬೇಕು. ಅದರ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಅನುಮತಿ ಕೋರಿದ ನನ್ನ ಅರ್ಜಿಯ ಮೇಲೆ 'ಅಸಭ್ಯ ಪದಬಳಕೆ' ಎಂದು ಷರಾ ಬರೆದಿರಿ. ಆ ಸಭ್ಯತೆಯ ಫಲವೇನೆಂದು ಶಿರಸಿ, ಸಿದ್ದಾಪುರ, ಯಲ್ಲಾಪುರದ ಏಲಕ್ಕಿ ಬೆಳೆಗಾರರಿಗೂ ತಿಳಿಯಲಿ ಎಂದೇ ಇದನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮನ್ಮನೆಯ ಪ್ರತಿಭಕ್ಕನ ಏಲಕ್ಕಿ ಗಿಡಗಳನ್ನು ಹುಳ ಕೊರೆದು ಟೊಳ್ಳು ಮಾಡಿತ್ತು. ಆ ಹುಳದ ಗಂಡು ಪತಂಗಗಳನ್ನು ಹೆಣ್ಣಿನ ವಾಸನೆಯಿಂದ ಸೆಳೆಯುವ ಮೋಹಕ ಬಲೆಯನ್ನು ತಂದು ಕಟ್ಟಿದರು. (ಈ ಹೆಸರು ನಿಮ್ಮ ಕಣ್ಣಿಗೆ ಹೇಗೆ ತಪ್ಪಿತೋ!) "ತೋಟದ ತುಂಬ ಹಾರ್ತು, ಬಲೆಗೆ ಮಾತ್ರ ಒಂದೂ ಬೀಳ್ತಿಲ್ಲೆ ತಂಗಿ" ಎಂದು ನಾಲ್ಕಾರು ಪತಂಗಗಳನ್ನು ಡಬ್ಬಿಯಲ್ಲಿ ತಂದು, ಕೀಟಗಳ ಅಧ್ಯಯನ ಮಾಡುವ ನನಗೆ ಕೊಟ್ಟರು. ನಾವು ಒಂದೇ ಹೆಸರಿನಿಂದ ಕರೆಯುತ್ತಿರುವುದು ಎರಡು ಪ್ರಭೇದಗಳನ್ನು ಎಂಬ ಅನುಮಾನ ನನಗೆ ಮೊದಲೇ ಇತ್ತು. ಒಂದರ ವಾಸನೆಗೆ ಇನ್ನೊಂದು ಏಕೆ ಬಂದೀತು? ಹಳದಿ ರೆಕ್ಕೆ, ಕಪ್ಪು ಚುಕ್ಕೆ ಎರಡಕ್ಕೂ ಒಂದೇ ತೆರ. ವ್ಯತ್ಯಾಸವಿರುವುದು ಜನನಾಂಗದ ಆಕಾರದಲ್ಲಿ. ಹಾಗಾಗಿ ಆ ಹೆಸರು ಹೊತ್ತು ನಿಮ್ಮ ಪೆಟ್ಟಿಗೆಯಲ್ಲಿ ಪಿನ್ನಿಗೆ ಚುಚ್ಚಿಸಿಕೊಂಡು ಕೂತಿರುವ ಹಳೆಯ ಪತಂಗಗಳ ಹೊಟ್ಟೆಯ ತುದಿಯನ್ನು ಬಿಡಿಸಿ, ಹೊಸದರ ಜೊತೆ ಹೋಲಿಸಬೇಕಿತ್ತು. ಇಷ್ಟೇ ನನ್ನ ಅಸಭ್ಯತೆ.

ನೀವು ನನ್ನನ್ನು ಕರೆಸಿದಿರಿ. "ಇಲ್ಲಿಗೆ ಶಾಲೆ ಮಕ್ಕಳು ಬರ್ತಾರೆ ಮೇಡಂ. ಹೆಣ್ಣುಮಗಳಾಗಿ ಇಂಥದ್ದೆಲ್ಲ ಬರೀತೀರಲ್ಲ! ರೆಕ್ಕೆ ನೋಡಿದ್ರೆ ಸಾಲದಾ?"

"ಸಾಲೋದಿಲ್ಲ ಸರ್."

"ಹಾಗಾದ್ರೆ ಮೇಲಿನವರು ಹೇಳಲಿ. ಅಲ್ಲೀವರೆಗೆ ಆ ಪೆಟ್ಟಿಗೆ ಯಾರೂ ಮುಟ್ಟೋ ಹಾಗಿಲ್ಲ."

ಇದನ್ನು ಹೇಳಿದಾಗ ಪ್ರತಿಭಕ್ಕ ನಕ್ಕರು. "ಹುಳಕ್ಕೇ ಇಲ್ಲದ ನಾಚ್ಕೆ ಸಾಹೇಬ್ರಿಗೆ ಎಂತಕ್ಕೆ?" ಆಮೇಲೆ ನಗು ನಿಲ್ಲಿಸಿ, ಕೊರೆದ ಗಿಡಗಳನ್ನೆಲ್ಲ ಕಿತ್ತು ಬೆಂಕಿಗೆ ಹಾಕಿದರು.

ಮಳೆಗಾಲ ಮುಗಿದರೂ ಉತ್ತರ ಬರಲಿಲ್ಲ. ನಾನೇ ಬಂದೆ. ನಿಮ್ಮ ಸಹಾಯಕ ದಿನಕರ ಪೆಟ್ಟಿಗೆ ತೆರೆದು ನನ್ನ ಕಡೆಗೆ ತಿರುಗಿಸಿದರು. ಪಿನ್ನುಗಳಲ್ಲಿ ರೆಕ್ಕೆಗಳಿದ್ದವು, ಕೆಳಗೆ ಕಂದು ಪುಡಿ. ಸಂಗ್ರಹದ ಒಣ ಕೀಟಗಳಿಗೆ ಬೀಳುವ ಪುಟ್ಟ ಜೀರುಂಡೆಯ ಮರಿಹುಳಗಳು ಒಂದೊಂದೇ ಹೊಟ್ಟೆಯನ್ನು ತಿಂದು ಮುಗಿಸಿದ್ದವು. "ನಾನು ಮದ್ದು ಹಾಕ್ತೆ ಅಂದಿದ್ದಿ ಮೇಡಂ, ಸಾಹೇಬ್ರು ಫೈಲು ಮುಗೀಲಿ ಅಂದ್ರು" ಎಂದರು ದಿನಕರ. ಅಷ್ಟರಲ್ಲಿ ನೀವು ಬಂದು ಇಣುಕಿದಿರಿ. "ರೆಕ್ಕೆಗೇನೂ ಆಗ್ಲಿಲ್ವಲ್ಲ!" ಎಂದಿರಿ. ನಾನು ನಿಮ್ಮೆದುರೇ ಅತ್ತುಬಿಟ್ಟೆ. ನೀವು ಅದನ್ನು ಪಶ್ಚಾತ್ತಾಪವೆಂದುಕೊಂಡಿರಬೇಕು. ಮಕ್ಕಳ ಕಣ್ಣಿನಿಂದ ಹೊಟ್ಟೆಯನ್ನು ಮರೆಮಾಡಲು ಇದಕ್ಕಿಂತ ಸಭ್ಯವಾದ ದಾರಿ ಯಾವ ಆಡಳಿತಕ್ಕೆ ತಾನೆ ಹೊಳೆದೀತು?

ಯಲ್ಲಾಪುರದಲ್ಲಿ ಹಿಡಿದ ಒಂದೇ ಒಂದು ಗಂಡು ಪತಂಗ, ಪೆಟ್ಟಿಗೆಯ ಮೂಲೆಯಲ್ಲಿ, ಇನ್ನೂ ಇಡಿಯಾಗಿದೆ. ಪೆಟ್ಟಿಗೆಗೆ ಇವತ್ತೇ ಮದ್ದು ಹಾಕಿಸಿ. ಆ ಒಂದನ್ನು ಬಿಡಿಸಿ ನೋಡಲು ಈ ವಾರವೇ ಲಿಖಿತ ಅನುಮತಿ ಕೊಡಿ. ಓದಲು ಸಂಕೋಚವಾದರೆ ಕಣ್ಣು ಮುಚ್ಚಿ ಸಹಿ ಹಾಕಿ. ಅದರ ಅಭ್ಯಾಸ ನಿಮಗಿದೆ.

ಇಂತಿ,
ಸದ್ಯಕ್ಕೆ ಬರೀ ರೆಕ್ಕೆಗಳ ಪಂಡಿತೆ,
ತನುಜಾ, ಎಕ್ಕಂಬಿ