ತಣ್ಣಗಿನ ಇಂಜಿನ್ನಿನ ಟ್ಯಾಪೆಟ್

ಅಪ್ಪನಿಗೆ ನಮಸ್ಕಾರ.

ಸೋಮವಾರ ಗ್ಯಾರೇಜಿನ ಬೀಗದ ಕೈಯನ್ನು ಅಳಿಯನಿಗೆ ಕೊಡುತ್ತೀರೆಂದು ಅಮ್ಮ ಹೇಳಿದಳು. ಅದಕ್ಕೆ ಮುಂಚೆ ಒಂದು ವಿಷಯ ನಿಮಗೆ ತಿಳಿದಿರಲಿ.

ಹೋದ ವಾರ ನಮ್ಮ ಬೈಕಿನಲ್ಲಿ ವಾಲ್ವು ಒತ್ತುವ ಟ್ಯಾಪೆಟ್ ಟಕಟಕ ಎನ್ನುತ್ತಿತ್ತು. ಇವರು ಸಂಜೆ ಮನೆಗೆ ಬಂದವರೇ ಇಂಜಿನ್ ಬಿಸಿಯಿರುವಾಗಲೇ ವಾಲ್ವಿನ ಗ್ಯಾಪ್ ಅಳೆದು ನಟ್ಟು ಬಿಗಿದರು.

“ರೀ, ಆರೋಕೆ ಬಿಡಿ. ಆರಿದ್ಮೇಲೆ ಗ್ಯಾಪ್ ಜಾಸ್ತಿ ಆಗಿ ಸದ್ದು ಹೆಚ್ಚತ್ತೆ” ಎಂದೆ.

“ನಿಮ್ಮಪ್ಪ ಕೆಲಸ ಹೇಳ್ಕೊಟ್ಟಿದ್ದು ನನಗೆ ಕಣೇ, ನಿನಗಲ್ಲ” ಎಂದು ನಕ್ಕರು.

ಮಾತು ನಿಜ. ಅದಕ್ಕೇ ಹೊಟ್ಟೆ ಉರಿಯಿತು. ನಾನು ಹತ್ತಿರ ಬಂದಾಗಲೆಲ್ಲ ನೀವು “ನಿನಗ್ಯಾಕಮ್ಮ ಈ ಗ್ರೀಸು, ಒಳಗೆ ಹೋಗು” ಎನ್ನುತ್ತಿದ್ದಿರಿ. ನಾನು ಕಿಟಕಿಯಲ್ಲಿ ನಿಂತು ನೋಡಿ ಕಲಿತೆ.

ಬೆಳಿಗ್ಗೆ ಸದ್ದು ಇನ್ನೂ ಜೋರಾಗಿತ್ತು. ಅದರ ಮರುದಿನ ಇವರು ಏಳುವ ಮುಂಚೆಯೇ, ತಣ್ಣಗಿದ್ದ ಇಂಜಿನ್ನಿನ ಕವರ್ ಬಿಚ್ಚಿ, ಎರಡೂ ವಾಲ್ವು ಮುಚ್ಚುವ ತನಕ ಇಂಜಿನ್ ತಿರುಗಿಸಿ, ಗ್ಯಾಪ್ ಸರಿಮಾಡಿದೆ. ಇವರಿಗೆ ಇವತ್ತಿಗೂ ಗೊತ್ತಿಲ್ಲ. ಭಾನುವಾರ ಆ ಬೈಕಿನ ಸದ್ದು ಕೇಳಿ ನೀವು “ಏನು ಕೈಗುಣ ಅಳಿಯಂದ್ರೇ!” ಎಂದು ಇವರ ಬೆನ್ನು ತಟ್ಟಿದಿರಿ. ನಾನು ಪಕ್ಕದಲ್ಲೇ ನಿಂತಿದ್ದೆ.

ಬೀಗದ ಕೈ ಕೊಡುವ ಮುಂಚೆ ನಮ್ಮಿಬ್ಬರಿಗೂ ಒಂದೊಂದು ತಣ್ಣಗಿನ ಇಂಜಿನ್ ಕೊಡಿ. ಆಮೇಲೆ ಯಾರ ಬೆನ್ನು ತಟ್ಟಬೇಕೋ ತಟ್ಟಿ.

ಇಂತಿ,
ನಿಮ್ಮ ಮಗಳು